ಮಾತು ನಿಲ್ಲಿಸಿದ ಡಬ್ಬಿ

ಹೊಲದಿಂದ ಕಿತ್ತು ತಂದ ಕಂಬವನ್ನು ರೈತ ರಿಜ್ಕ್, ಇನ್ಸಾಫಳ ಮನೆಯ ಜಗಲಿಗೆ ಒರಗಿಸಿ, ತುದಿಯಲ್ಲಿದ್ದ ಚೀಸ್ ಡಬ್ಬಿಯನ್ನು ಬೆರಳಿನಿಂದ ಕುಟ್ಟಿದ. "ತಗೊಳ್ಳಿ ಎಂಜಿನಿಯರಮ್ಮ, ನಿಮ್ಮ ಕೂಸು. ಜೀವ ಹೋಗಿದೆ. ದಫನ್ ಮಾಡೋದೊಂದೇ ಬಾಕಿ."

ಜಗಲಿಯ ಮೇಲೆ ಚಹಾ ಹೀರುತ್ತಿದ್ದ ಹಾಜಿ ಮೆತ್ವಲ್ಲಿ ಗಡ್ಡ ನೀವಿಕೊಂಡರು. "ನನ್ನ ಹೊಲದ ಡಬ್ಬಿ ಇವಳ ಫೋನಿನಲ್ಲಿ ನೋಡು, ಗಿಣಿ ಹಾಗೆ ಮಾತಾಡ್ತಿದೆ. ಎಲ್ಲದಕ್ಕೂ ಕೈಗುಣ ಬೇಕಪ್ಪ."

ಇನ್ಸಾಫ್ ಫೋನು ಕೈಗೆತ್ತಿಕೊಂಡಳು. ಖಾಲಿ ಚೀಸ್ ಡಬ್ಬಿಗಳಿಗೆ ಸಿಗ್ನಲ್ ಕಳಿಸುವ ಅಗ್ಗದ ಚಿಪ್, ಅಂಗೈಯಗಲದ ಸೋಲಾರ್ ಹಲಗೆ ಕೂಡಿಸಿ ಊರಿನ ಮೆಕ್ಕೆಜೋಳದ ಹೊಲಗಳಲ್ಲೆಲ್ಲ ನೆಟ್ಟವಳು ಅವಳೇ. ಪೈರು ಹೇಗೆ ಬೆಳೆಯುತ್ತಿದೆ ಎಂದು ಮನೆಯಲ್ಲೇ ಕೂತು ಹೇಳುತ್ತೇನೆಂದು ಮಾತು ಕೊಟ್ಟವಳೂ ಅವಳೇ. ಇವತ್ತು ರಿಜ್ಕ್ ನಂಬದೆ ಹೋದರೆ, ನಾಳೆ ಊರೆಲ್ಲ ಕಂಬ ಕಿತ್ತು ತಂದು ಇಲ್ಲೇ ರಾಶಿ ಹಾಕುತ್ತದೆ.

ಅವಳು ಫೋನನ್ನು ಅವನತ್ತ ತಿರುಗಿಸಿದಳು. ಪರದೆಯ ಮೇಲೆ ನೆಲ ಕಚ್ಚಿದ್ದ ಅವನ ಡಬ್ಬಿಯ ಸಿಗ್ನಲ್ ಗೆರೆ ಈಗ ಮೇಲಕ್ಕೆ ಜಿಗಿದು ನಿಂತಿತ್ತು.

"ಅಲ್ಲಿ ಸತ್ತದ್ದು ಇಲ್ಲಿ ಹೇಗೆ ಬದುಕ್ತು?"

"ಸತ್ತೇ ಇರಲಿಲ್ಲ. ಡಬ್ಬಿ ನಿಮ್ಮ ಸೊಂಟದೆತ್ತರ, ಜೋಳ ನಿಮ್ಮ ತಲೆಗಿಂತ ಎತ್ತರ. ಹಸಿ ಎಲೆ ಸಿಗ್ನಲನ್ನ ನುಂಗುತ್ತೆ. ಎಲೆ ದಟ್ಟ ಆದಷ್ಟೂ ಡಬ್ಬಿ ದನಿ ಸಣ್ಣ ಆಗುತ್ತೆ, ಪೈರು ಎಷ್ಟು ಬೆಳೀತು ಅಂತ ನಾನು ನೋಡೋದೇ ಅದರಿಂದ. ನಿಮ್ಮದು ಪೂರ್ತಿ ಸುಮ್ಮನಾಯ್ತು ಅಂದರೆ, ಊರಿಗೇ ಒಳ್ಳೆ ಪೈರು ನಿಮ್ಮದು."

ರಿಜ್ಕ್‌ನ ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. "ಹಾಗಾದರೆ ಹಾಜಿಯವರದ್ದು ಯಾಕೆ ಗಿಣಿ ಹಾಗೆ ಮಾತಾಡ್ತಿದೆ?"

ಈ ಪ್ರಶ್ನೆ ಬಾರದಿರಲಿ ಎಂದೇ ಇನ್ಸಾಫ್ ಬಯಸಿದ್ದಳು. ಯಾರೂ ಒಂದು ಕಂಬ ನೆಡಲು ಬಿಡದಿದ್ದಾಗ ಮೊದಲು ಹೊಲ ಕೊಟ್ಟವರು ಅವಳ ಸೋದರಮಾವನಾದ ಈ ಹಾಜಿಯವರೇ. ಎಲ್ಲರಂತೆ ಇಳಿಯುತ್ತಿದ್ದ ಅವರ ಗೆರೆ ಕಳೆದ ಶುಕ್ರವಾರ ದಿಢೀರನೆ ಏರಿತ್ತು. ಎಮ್ಮೆಯ ಮೇವಿಗೆ ಎಲೆ ಕಿತ್ತರೆ ಕಾಳು ಸೊರಗುತ್ತದೆ, ಅದು ಗಟ್ಟಿಯಾಗುವ ತನಕ ಕೀಳಬಾರದೆಂದು ಈ ಸಲ ಊರವರೆಲ್ಲ ಒಪ್ಪಿಕೊಂಡಿದ್ದರು. ಮೊದಲು ಕೈ ಎತ್ತಿದವರೂ ಮಾವನೇ.

"ಮಾವ," ಎಂದಳು ಮೆಲ್ಲಗೆ, "ಎಮ್ಮೆ ಹಾಲು ಹೆಚ್ಚಾಗಿದೆಯಾ?"

ಹಾಜಿಯವರ ಲೋಟ ಬಾಯಿಯ ಹತ್ತಿರ ನಿಂತಿತು. ಬೆರಳ ತುಂಬ ಜೋಳದ ಗರಿ ಗೀರಿದ ಸಣ್ಣ ಗಾಯಗಳು. ನಿಲುವಂಗಿಯ ತೋಳು ಎಳೆದು ಮುಚ್ಚಿಕೊಂಡರು. ಆಮೇಲೆ ಎದ್ದು, ಕಂಬವನ್ನು ತಾವೇ ಹೆಗಲಿಗೇರಿಸಿದರು.

"ನಡಿ ರಿಜ್ಕ್, ನೆಟ್ಟು ಬರೋಣ. ಡಬ್ಬಿ ಸರಿಯಾಗಿದೆ. ನಾನು ಕದ್ದುಮುಚ್ಚಿ ಕಿತ್ತ ಎಲೆ ಈ ಹುಡುಗಿಗೆ ಇಲ್ಲಿ ಕೂತು ಕಾಣಿಸಿದೆ, ಇನ್ನೇನು ಬೇಕು ನಿನಗೆ?"

"ಕೈಗುಣ ಅಂದರೆ ಇದೇನಾ ಹಾಜಿ?"

"ಬಾಯಿ ಮುಚ್ಚಿಕೊಂಡು ನಡಿ."

ಇಬ್ಬರೂ ನೈಲ್ ಕಾಲುವೆಯ ಏರಿ ದಾಟಿ ಜೋಳದೊಳಗೆ ಮರೆಯಾದರು. ಇನ್ಸಾಫಳ ಫೋನಿನಲ್ಲಿ ರಿಜ್ಕ್‌ನ ಡಬ್ಬಿಯ ಗೆರೆ ಇಳಿಯುತ್ತ, ಇಳಿಯುತ್ತ ಮತ್ತೆ ನೆಲ ಕಚ್ಚಿತು. ಡಬ್ಬಿ ಮಾತು ನಿಲ್ಲಿಸಿದ್ದನ್ನು ಕಂಡು, ಅವಳು ನೆಮ್ಮದಿಯಿಂದ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.