ಮಂಜಜ್ಜಿಯ ಮಡಿಲಲ್ಲಿ ಬೊಗ್ಗ

ಹೇರೋಹಳ್ಳಿ ಕೆರೆಯ ದಡದಲ್ಲಿ ಮಂಜಜ್ಜಿ ಕೂತಿದ್ದಳು. ತಲೆಯಿಂದ ಕಾಲಿನವರೆಗೂ ಬರೀ ಮಂಜು. ಮೂರು ದಿನದ ಹಿಂದೆ ಕಳೆದುಹೋಗಿದ್ದ ನಾಯಿಮರಿ ಬೊಗ್ಗ ಅವಳ ಮಡಿಲಲ್ಲಿ ನಡುಗುತ್ತಿತ್ತು. ಅದನ್ನು ಹುಡುಕುತ್ತಾ, ಹೊಸ ಸೈಟುಗಳನ್ನು ದಾಟಿ ಒಬ್ಬಳೇ ಬಂದಿದ್ದ ಎಂಟು ವರ್ಷದ ತನ್ಮಯಿ, "ಅದು ನಮ್ಮ ಬೊಗ್ಗ, ಕೊಡಿ ಅಜ್ಜಿ," ಎಂದಳು.

"ಕೊಟ್ಬಿಟ್ರೆ ನಾನೊಬ್ಳೇ ಆಗ್ತೀನಲ್ಲೇ. ಈ ಚಳೀಲಿ ನನ್ನನ್ನ ಯಾರು ಮುಟ್ತಾರೆ?"

ಮುಟ್ಟಿದರೆ ತಾನೂ ಮಂಜಾಗಿಬಿಟ್ಟರೆ? ತನ್ಮಯಿಗೆ ಓಡಿಹೋಗಬೇಕೆನಿಸಿತು. ಬೊಗ್ಗ ಕುಂಯ್‌ಗುಟ್ಟಿತು. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿ ಮಂಜಜ್ಜಿಯನ್ನೇ ತಬ್ಬಿಕೊಂಡಳು. ಚಳಿ ಮೂಳೆಗಿಳಿದರೂ ಬಿಡಲಿಲ್ಲ.

"ಅಯ್ಯೋ, ಎಷ್ಟು ಬೆಚ್ಚಗಿದೀಯೇ ಕಂದ!" ಎಂದಿತು ಕಿವಿಯ ಹತ್ತಿರ ಒಂದು ದನಿ.

ಕಣ್ಣು ಬಿಟ್ಟಾಗ ಕೆರೆಯ ತುಂಬ ಬಿಸಿಲು. ಅವಳ ತೋಳಿನೊಳಗೆ ಬೊಗ್ಗ ಮಾತ್ರ ಇತ್ತು. ಒದ್ದೆ ಮೂಗನ್ನು ಅವಳ ಕತ್ತಿಗೆ ಒತ್ತಿ ಬಾಲ ಆಡಿಸುತ್ತಿತ್ತು.