ಕಂಬದ ಬುಡದ ಭಲೇ

ಸದ್ದುಗಳು ಗಾಳಿಯಲ್ಲಿ ಕರಗುವುದನ್ನು ಬಿಟ್ಟು ಧೂಳಿನಂತೆ ನೆಲಕ್ಕಿಳಿಯತೊಡಗಿದ ಮೇಲೆ, ಹುಬ್ಬಳ್ಳಿಯ ಓಣಿಯವರೇ ಸೇರಿ ನಡೆಸುವ ಸಂಗೀತದ ಮನೆಯಲ್ಲಿ ತಂಬೂರಿಗಿಂತ ಕಸಬರಿಗೆಗೇ ಹೆಚ್ಚು ಕೆಲಸ. ಹೋದ ವಾರದ ಹಾಡನ್ನು ಗುಡಿಸದಿದ್ದರೆ ಈ ವಾರದ ಹಾಡಿನ ನಡುವೆ ಅದು ಎದ್ದು ಕೇಳುತ್ತಿತ್ತು. ಈ ಸಲದ ಪಾಳಿ ಚನ್ನಕ್ಕನದು. ಭೈರವಿಯನ್ನೂ ತಬಲಾದ ಪುಡಿಯನ್ನೂ ಜನರ ಕೆಮ್ಮುಗಳನ್ನೂ ಮೊರಕ್ಕೆ ತುಂಬಿ ಹಿತ್ತಲಿಗೆ ಚೆಲ್ಲಿದಳು.

ಸಂಜೆ ಬಸ್ ಕಂಡಕ್ಟರ್ ರುಬೀನಾ ಮೊದಲ ಸಲ ಹಾಡಲು ಕೂತಳು. ಮೇಲಿನ ಷಡ್ಜಕ್ಕೆ ಏರುವಾಗ ದನಿ ನಡುಗಿ ಕಡಿದೇಹೋಯಿತು. ಆಗ ಮೂಲೆಯ ಕಂಬದ ಬುಡದಿಂದ ಹೋದ ವಾರದ ಯಾರದೋ ಮೆಚ್ಚುಗೆ ಎದ್ದಿತು: "ಭಲೇ!"

ರುಬೀನಾ ಕಣ್ಣು ಮುಚ್ಚಿ ಮತ್ತೆ ಏರಿದಳು, ಷಡ್ಜ ಮುಟ್ಟಿದಳು.

ಹಾಡು ಮುಗಿದದ್ದೇ ಕಾರ್ಯದರ್ಶಿ ವಿರೂಪಾಕ್ಷಪ್ಪ ಸಿಡುಕಿದ. "ಏನ್ರೀ ಚನ್ನಕ್ಕಾರ, ಆ ಮೂಲಿ ಕಸಾ ಹೊಡದಿಲ್ಲೇನು?"

"ಮರತಬಿಟ್ಟೆರಿ," ಎಂದಳು ಚನ್ನಕ್ಕ, ಅವನ ಮುಖ ನೋಡದೆ.

ಮುಂದಿನ ವಾರ ಹಾಡುವವಳೂ ಹೊಸಬಳೇ, ಗುಡಿಸುವ ಪಾಳಿ ವಿರೂಪಾಕ್ಷಪ್ಪನದು. ಕಟ್ಟುನಿಟ್ಟಿನ ಮನುಷ್ಯ, ಜಮಖಾನೆ ಎತ್ತಿ ಅದರಡಿಯನ್ನೂ ಬಿಡಲಿಲ್ಲ. ಕಂಬದ ಬಳಿ ಬಂದು ನಿಂತ. ಎದ್ದುಹೋದ ಸದ್ದು ಮರಳುವುದಿಲ್ಲ. ಅಲ್ಲೀಗ ಏನೂ ಇರಲಿಲ್ಲ. ಬಾಗಿಲಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಕಂಬದ ಬುಡಕ್ಕೆ ಬಾಗಿ, ಮೆಲ್ಲಗೆ ಹೇಳಿದ:

"ಭಲೇ!"