ಅಳಿಸಿದ ನಾಟಕಗಳು

ಹೃಷಿಕೇಶ ಕಂಪ್ಯೂಟರಿನ ಹಳೆಯ ಫೋಲ್ಡರುಗಳನ್ನೆಲ್ಲ ಒಟ್ಟಿಗೆ ಆರಿಸಿ, ಮತ್ತೆ ಸಿಗದ ಹಾಗೆ ಅಳಿಸಲು ಶಿಫ್ಟ್ ಒತ್ತಿ ಹಿಡಿದಿದ್ದ. ಮಗಳು ರಂಜನಿಯ ಕಾಲೇಜು ಪ್ರಾಜೆಕ್ಟಿಗೆ ಜಾಗ ಬೇಕಿತ್ತು.

"ತಡೀರಿ ಅಪ್ಪಾ," ಎಂದು ಅವಳು ಒಂದು ಫೈಲು ತೆರೆದಳು. ತುಂಬ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ. "ವೈರಸ್ ಹೊಕ್ಕದ. ಅಳಿಸಿಬಿಡ್ರಿ."

"ವೈರಸ್ ಅಲ್ಲ, ಕನ್ನಡ ಅದ. ಸೀತಾಬರ್ಡಿ ಬಜಾರದ ಆ ಕಂಪ್ಯೂಟರ್ ಅಂಗಡಿಯ ಕತ್ತೆ, ರಿಪೇರಿ ಮಾಡೋವಾಗ ಕನ್ನಡ ಫಾಂಟ್ ತಗದಾನ." ಈ ಮರಾಠಿ ಊರಿನ ಕನ್ನಡ ಸಂಘಕ್ಕೆ ವರ್ಷಕ್ಕೊಂದರಂತೆ ಅವನು ಬರೆದ ನಾಟಕಗಳು ಅದರಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ. "ಫಾಂಟ್ ಹಾಕಿಸಿದ್ರ ನೀ ಓದ್ತೀ ಏನು?"

ರಂಜನಿ ಕಲಿತದ್ದು ಮರಾಠಿ ಶಾಲೆಯಲ್ಲಿ. ಯಾರನ್ನೂ ಬೈಯುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ಡಿಲೀಟ್ ಒತ್ತಿದ, ಕಂಪ್ಯೂಟರ್ ಕೇಳಿದ್ದಕ್ಕೆ ಹೂಂ ಅಂದ. ಪರದೆಯ ಮೇಲೆ ಸಣ್ಣ ಸಣ್ಣ ಕಾಗದಗಳು ಹಾರಿ ಹಾರಿ ಮಾಯವಾಗತೊಡಗಿದವು.

"ಓದಲಿಕ್ಕೆ ಬರಂಗಿಲ್ಲ ಖರೆ," ಎಂದಳು ರಂಜನಿ, ಆ ಕಾಗದಗಳನ್ನೇ ನೋಡುತ್ತ. "ನೀವು ಓದಿದ್ರ ಕೇಳ್ತಿದ್ದೆ."

ಅವನು ಗಬಕ್ಕನೆ ಮೌಸ್ ಹಿಡಿದು ಕ್ಯಾನ್ಸಲ್ ಒತ್ತಿದ. ಕೊನೆಯ ಎರಡು ಫೋಲ್ಡರು ಉಳಿದಿದ್ದವು.

"ಚಪ್ಪಲಿ ಹಾಕ್ಕೋ," ಎಂದ. "ಆ ಕತ್ತೆಯ ಅಂಗಡಿಗೇ ಹೋಗಿ ಫಾಂಟ್ ಹಾಕಿಸಿಕೊಂಡು ಬರೂಣು."